ಯೊರುಬಾ ಮನೆಯಿಂದ ಕರೆ ಬಂದಾಗ: ಚರ್ಚು, ಮಸೀದಿ, ಒರಿಶಾ ಮೂರೂ ಇರುವ ಕಡೆ ನಡೆದುಕೊಳ್ಳುವ ಬಗೆ

ಇಬಾದಾನಿಗೋ ಲಾಗೋಸಿಗೋ ಕೆಲಸಕ್ಕೆ ಬಂದ ನಮ್ಮವರು ಮೊದಲ ವಾರದಲ್ಲೇ ಸಹೋದ್ಯೋಗಿಗಳನ್ನು ತೋರಿಸಿ ಕೇಳುತ್ತಾರೆ: "ಇವರು ಕ್ರಿಶ್ಚಿಯನ್ನರಾ, ಮುಸ್ಲಿಮರಾ?" ನೈಜೀರಿಯಾದ ನೈರುತ್ಯ ಭಾಗದ ಯೊರುಬಾ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕರೂ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಒಂದೇ ಮನೆಯಲ್ಲಿ ಅಣ್ಣ ಹಜ್ ಮುಗಿಸಿ ಬಂದ ಅಲ್ಹಾಜಿ, ತಂಗಿ ಚರ್ಚಿನ ಕಾಯರಿನಲ್ಲಿ ಹಾಡುವವಳು, ಊರಲ್ಲಿರುವ ದೊಡ್ಡಪ್ಪ ಒರಿಶಾಗಳೆಂಬ ಹಳೆಯ ದೈವಗಳನ್ನು ನಂಬಿ ಇಫಾ ಕಣಿ ಹೇಳುವ ಬಬಲಾವೊ. ಮೂವರೂ ಒಂದೇ ಅಡ್ಡಹೆಸರಿನವರು, ಒಂದೇ ಮದುವೆಗೆ ಒಂದೇ ಬಟ್ಟೆ ಹೊಲಿಸಿಕೊಂಡು ಬರುತ್ತಾರೆ. ಈಗಿನ ರಾಷ್ಟ್ರಾಧ್ಯಕ್ಷ ಬೋಲಾ ಟಿನುಬು ಮುಸ್ಲಿಂ, ಅವರ ಪತ್ನಿ ಒಲುರೆಮಿ ಟಿನುಬು ರಿಡೀಮ್ಡ್ ಎಂಬ ಪೆಂಟೆಕೊಸ್ಟಲ್ ಚರ್ಚಿನ ಪಾಸ್ಟರ್. ಇಲ್ಲಿ ಯಾರೂ ಇದನ್ನು ವಿಚಿತ್ರ ಎನ್ನುವುದಿಲ್ಲ.

ನಾನು ಇಬಾದಾನಿನಲ್ಲಿ ಶಾಲಾ ಶಿಕ್ಷಕಿ. ಬೆಳಗಿನ ಅಸೆಂಬ್ಲಿಯಲ್ಲಿ ಒಂದು ಮಗು ಯೇಸುವಿನ ಹೆಸರಲ್ಲಿ ಪ್ರಾರ್ಥನೆ ಹೇಳುತ್ತದೆ, ಇನ್ನೊಂದು ಕುರಾನಿನ ಮೊದಲ ಅಧ್ಯಾಯ ಫಾತಿಹಾ ಓದುತ್ತದೆ, ಆಮೇಲೆ ಎಲ್ಲರೂ ಸೇರಿ ರಾಷ್ಟ್ರಗೀತೆ. ಮಕ್ಕಳ ಮನೆಗಳಿಂದ ನಾಮಕರಣ, ಮದುವೆ, ಸಾವು, ಹಬ್ಬ ಎಲ್ಲದಕ್ಕೂ ಟೀಚರಿಗೆ ಕರೆ ಬರುತ್ತದೆ. ಹೊಸಬರಿಗೆ ನಾನು ಕೊಡುವ ಸಲಹೆಯ ತಿರುಳು ಇಷ್ಟು: ಧರ್ಮ ಯಾವುದು ಎಂದು ಕೇಳಬೇಡಿ, "ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಮಾಡುತ್ತೀರಿ?" ಎಂದು ಕೇಳಿ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಪ್ರತಿ ಮನೆಯೂ ತನ್ನದೇ ಗೆರೆ ಎಳೆದುಕೊಂಡಿದೆ. ಆ ಗೆರೆ ಎಲ್ಲಿದೆ ಎಂದು ಕಂಡುಕೊಂಡು ಅದನ್ನು ಮೆಟ್ಟದೆ ನಡೆದರೆ ಅತಿಥಿಯ ಕೆಲಸ ಮುಗಿಯಿತು.

ಹೊರಡುವ ಮೊದಲು ತಿಳಿದಿರಬೇಕಾದ ಇತಿಹಾಸ

ಇಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು ಗಾದೆಯ ಪ್ರಕಾರ, ಹುಟ್ಟಿ ಕಣ್ಣು ಬಿಟ್ಟಾಗಲೇ ಇಫಾ ಇತ್ತು, ಇಸ್ಲಾಂ ಇತ್ತು. ಕ್ರಿಸ್ತಮತ ನಡುಮಧ್ಯಾಹ್ನ ಬಾಗಿಲು ದಾಟಿ ಒಳಗೆ ಬಂತು. ಲೆಕ್ಕವೂ ಹಾಗೇ ಇದೆ. ಉತ್ತರದ ವ್ಯಾಪಾರದ ದಾರಿಗಳಲ್ಲಿ ಇಸ್ಲಾಂ ಬಹಳ ಮುಂಚೆಯೇ ಬಂದಿತ್ತು, ಅದನ್ನು ಇಂದಿಗೂ ಮಾಲಿ ದೇಶದವರ ಧರ್ಮ ಎಂದೇ ಕರೆಯುತ್ತಾರೆ. ಮಿಷನರಿಗಳು ಕರಾವಳಿಯ ಬಡಾಗ್ರಿಗೆ ಬಂದಿದ್ದು 1842ರಲ್ಲಿ, ಅಬೆಯೊಕುಟಾಗೆ 1846ರಲ್ಲಿ, ಇಬಾದಾನಿಗೆ 1850ರ ದಶಕದಲ್ಲಿ.

ಅಬೆಯೊಕುಟಾಗೆ ಬಂದವರಲ್ಲಿ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಒಬ್ಬರು. 1821ರಲ್ಲಿ ಹುಡುಗನಾಗಿದ್ದಾಗ ಮುಸ್ಲಿಂ ದಾಳಿಕೋರರ ಕೈಗೆ ಸಿಕ್ಕಿ ಗುಲಾಮನಾಗಿ ಮಾರಾಟವಾಗಿ, ಮರುವರ್ಷ ಬ್ರಿಟಿಷ್ ನೌಕೆಯೊಂದು ಬಿಡಿಸಿ ಫ್ರೀಟೌನಿಗೆ ಸೇರಿಸಿದ ಯೊರುಬಾ ಮನುಷ್ಯ. 1864ರಲ್ಲಿ ಬಿಷಪ್ ಆದರು. ಯೊರುಬಾ ಬೈಬಲ್‌ನ ಬಹುಪಾಲು ಕೆಲಸ ಅವರದ್ದು, 1884ರ ಹೊತ್ತಿಗೆ ಅದು ಪೂರ್ತಿಯಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಬೈಬಲಿನಲ್ಲಿ ಸೈತಾನನ ಜಾಗಕ್ಕೆ ಎಶು ಎಂಬ ಒರಿಶಾದ ಹೆಸರು ಬಂದು ಕೂತಿತು. ಕೂಡುದಾರಿಗಳನ್ನು ಕಾಯುವ, ನೈವೇದ್ಯವನ್ನು ಮೇಲಿನವರಿಗೆ ತಲುಪಿಸುವ ದೈವವದು. ಚರ್ಚಿಗೆ ಹೋಗುವವರು ಎಶು ಎಂದು ಶಾಪ ಹಾಕುವುದನ್ನು ನೀವು ದಿನಾ ಕೇಳುತ್ತೀರಿ. ಕೇಳಿಸಿಕೊಳ್ಳಿ, ನೀವು ಹೇಳಬೇಡಿ. ಅದೇ ಬೀದಿಯಲ್ಲಿ ಎಶುವಿಗೆ ಎಣ್ಣೆ ಎರೆಯುವ ಮನೆಯೊಂದು ಇದ್ದೇ ಇರುತ್ತದೆ. ಅವರಿಗೆ ಆ ಬೈಗುಳ ನೂರಾರು ವರ್ಷದ ಪೂಜೆಯ ಮೇಲೆ ಉಗುಳಿದ ಹಾಗೆ. ಕೂಡುದಾರಿಯಲ್ಲಿ ಮಣ್ಣಿನ ಬಟ್ಟಲಲ್ಲಿ ತಾಳೆ ಎಣ್ಣೆ, ಬೂದಿ, ಬೇಯಿಸಿದ ಕಾಳು ಇಟ್ಟಿದ್ದು ಕಂಡರೆ ಸುತ್ತಿ ದಾಟಿ ಹೋಗಿ. ಫೋಟೊ ಬೇಡ, ಕಾಲಲ್ಲಿ ತಳ್ಳುವುದಂತೂ ಬೇಡವೇ ಬೇಡ.

ಮಿಷನ್ ಶಾಲೆಗೆ ಹೋದ ಮುಸ್ಲಿಂ ಮಕ್ಕಳು ಕ್ರಿಶ್ಚಿಯನ್ನರಾಗಿ ಮನೆಗೆ ಬರುತ್ತಾರೆ ಎಂಬ ಆತಂಕದಿಂದ ಲಾಗೋಸಿನ ಮುಸ್ಲಿಮರು 1923ರಲ್ಲಿ ಅನ್ಸಾರ್-ಉದ್-ದೀನ್ ಸೊಸೈಟಿ ಕಟ್ಟಿ ತಮ್ಮದೇ ಇಂಗ್ಲಿಷ್ ಶಾಲೆಗಳನ್ನು ತೆರೆದರು. ಅಷ್ಟಾದರೂ ದೊಡ್ಡ ಉದ್ಯಮಿ, ಮುಸ್ಲಿಂ ನಾಯಕ ಎಂ.ಕೆ.ಒ. ಅಬಿಯೋಲಾ ಓದಿದ್ದು ಅಬೆಯೊಕುಟಾದ ಬ್ಯಾಪ್ಟಿಸ್ಟ್ ಹುಡುಗರ ಶಾಲೆಯಲ್ಲಿ. ಇಲ್ಲಿನ ಎರಡು ಧರ್ಮಗಳು ಒಂದನ್ನೊಂದು ನೋಡಿ ಕಲಿಯುತ್ತಲೇ ಬೆಳೆದಿವೆ.

ಹೆಸರು ನೋಡಿ ಧರ್ಮ ಅಳೆಯಬೇಡಿ ಎಂಬುದೂ ಇದೇ ಇತಿಹಾಸದಿಂದ ಬಂದ ಪಾಠ. ಅಡ್ಡಹೆಸರಿನ ಮೊದಲಲ್ಲಿ ಕಬ್ಬಿಣದ ದೈವ ಒಗುನ್ ಇದ್ದರೂ ಆತ ಆಂಗ್ಲಿಕನ್ ಪಾದ್ರಿ ಇರಬಹುದು. ಕೆಲವು ಮನೆಗಳು ಇಫಾ ಅಥವಾ ಎಶು ಸೇರಿದ ಹೆಸರನ್ನು ಯೇಸುವಿನ ಹೆಸರಿಗೆ ತಿದ್ದಿಕೊಂಡಿವೆ, ಎಶುಬಿಯಿ ಹೋಗಿ ಜೆಸುಬಿಯಿ ಆದವರಿದ್ದಾರೆ. ಇನ್ನು ಕೆಲವರು ತಾತನ ಹೆಸರು ತಾತನದ್ದೇ ಎಂದು ಹಾಗೇ ಇಟ್ಟುಕೊಂಡಿದ್ದಾರೆ. ಹೆಸರಿನ ಅರ್ಥ ಕೇಳಿದರೆ ಖುಷಿಯಿಂದ ಹೇಳುತ್ತಾರೆ. "ಹಾಗಾದರೆ ನೀವು ಅದನ್ನು ಪೂಜಿಸುತ್ತೀರಾ?" ಎಂದು ಮುಂದುವರಿಸಬೇಡಿ.

ನಾಮಕರಣ: ಎಲ್ಲವೂ ಕಣ್ಣಿಗೆ ಕಾಣುವ ಜಾಗ

ಮೊದಲ ಕರೆ ನಾಮಕರಣಕ್ಕೇ ಬಂದರೆ ನಿಮ್ಮ ಅದೃಷ್ಟ. ಮಗು ಹುಟ್ಟಿದ ಎಂಟನೆಯ ದಿನ, ಬೆಳಗ್ಗೆ ಬೇಗ. ಹಿಂದೆ ಹೆಣ್ಣುಮಗುವಿಗೆ ಏಳನೆಯ ದಿನ, ಗಂಡಿಗೆ ಒಂಬತ್ತು, ಅವಳಿಗಳಿಗೆ ಎಂಟು ಎಂಬ ಲೆಕ್ಕವಿತ್ತು, ಈಗ ಎಲ್ಲರಿಗೂ ಎಂಟೇ. ಕ್ರಿಶ್ಚಿಯನ್ನರಿಗೆ ಇದು ಸಲೀಸು: ಲೂಕನ ಸುವಾರ್ತೆಯಲ್ಲಿ ಯೇಸುವಿಗೆ ಹೆಸರಿಟ್ಟಿದ್ದೂ ಎಂಟನೆಯ ದಿನ. ಮುಸ್ಲಿಮರ ನಾಮಕರಣವಾದ ಅಕೀಕಾ ಏಳನೆಯ ದಿನದ್ದು. ಹುಟ್ಟಿದ ದಿನವನ್ನು ಬಿಟ್ಟು ಎಣಿಸಿದರೆ ಏಳು, ಸೇರಿಸಿ ಎಣಿಸಿದರೆ ಎಂಟು, ಎರಡೂ ಅದೇ ಬೆಳಗು. ಮೂರು ದಾರಿಗಳೂ ಒಂದೇ ದಿನಕ್ಕೆ ಬಂದು ಸೇರುವುದರಿಂದ ಹಂಚಿಹೋದ ಕುಟುಂಬವೂ ಅಂದು ಒಟ್ಟಿಗೆ ಕೂರುತ್ತದೆ.

ನಮ್ಮ ಪಕ್ಕದ ಕಾಂಪೌಂಡಿನಲ್ಲಿ ನಡೆದ ಒಂದನ್ನು ಹೇಳುತ್ತೇನೆ. ಮಗುವಿನ ಅಪ್ಪನ ಕಡೆಯವರು ಮುಸ್ಲಿಮರು, ಅಮ್ಮನ ಕಡೆಯವರು ಬ್ಯಾಪ್ಟಿಸ್ಟರು. ಅಪ್ಪ ಮದುವೆಗೆ ಮುಂಚೆಯೇ ಚರ್ಚಿಗೆ ಸೇರಿದ್ದರಿಂದ ಹೆಸರಿಡಲು ಪಾಸ್ಟರ್ ಬಂದಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಒಂದು ಗಾಜಿನ ಬೋಗುಣಿಯಲ್ಲಿ ನೀರು, ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಜೇನು, ಉಪ್ಪು, ಸಕ್ಕರೆ, ಕಬ್ಬಿನ ತುಂಡು, ತಾಳೆ ಎಣ್ಣೆ, ಒಂದು ಒಣಮೀನು. ಪಾಸ್ಟರ್ ಬೈಬಲ್ ಓದಿ, ಜೇನನ್ನು ಬೆರಳ ತುದಿಯಲ್ಲಿ ತೆಗೆದು ಮಗುವಿನ ತುಟಿಗೆ ಸೋಕಿಸಿ, ಇದರ ಸಿಹಿ ನಿನ್ನ ಬಾಳಿಗೆ ಬರಲಿ ಎಂದರು. ಉಪ್ಪು ಬಂತು. ನೀರು ಬಂತು, ನೀರಿಗೆ ಶತ್ರುವಿಲ್ಲ, ನಿನಗೂ ಇರದಿರಲಿ. ಒಂದೊಂದರ ನಂತರವೂ ಅದೇ ಚಮಚ ಅಪ್ಪ, ಅಮ್ಮ, ಅಜ್ಜಿಯರು, ಕೊನೆಗೆ ನೆರೆಹೊರೆಯವರ ತನಕ ಬಂತು. ಪ್ರತಿ ಪ್ರಾರ್ಥನೆಗೂ ಹಿಜಾಬಿನ ಅಜ್ಜಿ ಎಲ್ಲರಿಗಿಂತ ಗಟ್ಟಿಯಾಗಿ "ಆಮಿ" (ಆಮೆನ್) ಎಂದರು. ಯೇಸುವಿನ ಹೆಸರು ಬಂದ ಕಡೆ ತುಟಿ ಮುಚ್ಚಿ, ವಾಕ್ಯ ಮುಗಿದ ಮೇಲೆ ಆಮಿ ಸೇರಿಸುತ್ತಿದ್ದರು. ಅವರ ಗೆರೆ ಅಲ್ಲಿತ್ತು.

ಪಾಸ್ಟರ ಗೆರೆ ಬೇರೆ ಕಡೆ ಇತ್ತು. ಮೇಜಿನ ಮೇಲೆ ಕೋಲಾ ಬೀಜವಾದ ಒಬಿ, ಕಹಿ ಬೀಜ ಒರೊಗ್ಬೊ, ಅತಾರೆ ಮೆಣಸಿನ ಕಾಯಿ ಮೂರೂ ಇರಲಿಲ್ಲ. ಹಳೆಯ ಕ್ರಮದಲ್ಲಿ ಈ ಮೂರು ಇಲ್ಲದೆ ನಾಮಕರಣವೇ ಇಲ್ಲ: ಒಬಿ ಸಾವನ್ನು ತಳ್ಳಲಿ ಎಂದು, ಒರೊಗ್ಬೊ ಆಯುಷ್ಯಕ್ಕೆ, ಒಡೆದರೆ ಒಳಗೆ ರಾಶಿ ಕಾಳಿರುವ ಅತಾರೆ ಸಂತಾನಕ್ಕೆ. ಆದರೆ ಒಬಿಯೂ ಒರೊಗ್ಬೊವೂ ಒರಿಶಾಗಳ ಮುಂದೆ ಇಡುವ ವಸ್ತುಗಳೂ ಹೌದು. ಒಬಿಯ ಹೋಳು ಎಸೆದು ದೈವದ ಉತ್ತರ ಕೇಳುತ್ತಾರೆ. ಆದ್ದರಿಂದ ಆ ಪಾಸ್ಟರ್ ಬೇಡ ಎಂದಿದ್ದರು. ಇನ್ನೊಂದು ಚರ್ಚಿನ ಪಾದ್ರಿ ಮೂರನ್ನೂ ಇಟ್ಟು, ಎಲ್ಲವೂ ದೇವರು ಬೆಳೆಸಿದ ಫಲವೇ ಎಂದು ಪ್ರಾರ್ಥಿಸುತ್ತಾರೆ. ಮತ್ತೊಬ್ಬರು ಜೇನನ್ನೂ ತೆಗೆದು ಬೈಬಲ್ ಒಂದನ್ನೇ ಉಳಿಸುತ್ತಾರೆ. ಆ ದಿನ ಪಾಸ್ಟರ್ ಊಟ ಮಾಡಿ ಹೊರಟ ಮೇಲೆ ಮನೆಯ ಹಿರಿಯತ್ತೆ ಒಳಕೋಣೆಯಲ್ಲಿ ಒರೊಗ್ಬೊ ತಟ್ಟೆ ಹೊರತೆಗೆದರು. ಮಗುವಿನ ಅಪ್ಪ ಬಾಗಿಲಲ್ಲಿ ನಿಂತು ನೋಡಿದರು, ತಡೆಯಲಿಲ್ಲ, ಒಳಗೂ ಹೋಗಲಿಲ್ಲ. ಇಂಥದ್ದು ಕಂಡಾಗ ನೀವೂ ಕಂಡಷ್ಟಕ್ಕೆ ಸುಮ್ಮನಿರಿ. ಆಮೇಲೆ ಪಾಸ್ಟರರ ಹತ್ತಿರ ಬಾಯಿ ಬಿಡುವುದು ದ್ರೋಹ.

ನೀವು ಮಾಡಬೇಕಾದ್ದು: ತಟ್ಟೆ ನಿಮ್ಮ ಮುಂದೆ ಬಂದರೆ ಒಂದು ಹನಿ, ಒಂದು ಕಾಳಾದರೂ ಬಾಯಿಗೆ ಹಾಕಿ. ಒಣಮೀನು ತಿನ್ನದವರು ತಟ್ಟೆಯ ಅಂಚು ಮುಟ್ಟಿ ಕೈಯನ್ನು ಎದೆಗೆ ಒತ್ತಿಕೊಂಡರೆ ಸಾಕು. ಮಗುವಿಗೆ ಒಂದೇ ಹೆಸರು ಇರುವುದಿಲ್ಲ. ಅಜ್ಜ, ಅಜ್ಜಿ, ಸೋದರಮಾವ, ಆಪ್ತ ನೆಂಟರು ತಲಾ ಒಂದು ಹೆಸರು ಹೇಳಿ ಬೋಗುಣಿಗೆ ನೋಟು ಹಾಕುತ್ತಾರೆ. ನಿಮ್ಮನ್ನೂ ಕರೆದರೆ ಸಂಕೋಚ ಬೇಡ, ಒಂದು ಒಳ್ಳೆಯ ಹೆಸರನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಇಬಾದಾನಿನ ಒಬ್ಬ ಹುಡುಗನ ಉದ್ದನೆಯ ಹೆಸರ ಸಾಲಿನಲ್ಲಿ ನಾನು ಕೊಟ್ಟ ಕನ್ನಡ ಹೆಸರೂ ಇದೆ, ಅವರಮ್ಮ ಅದನ್ನು ಕೂಗುವಾಗ ನನಗೆ ಕಣ್ಣು ತುಂಬುತ್ತದೆ.

ಮದುವೆ

ಮದುವೆಗೆ ಆತಿಥೇಯರು ಆರಿಸಿದ ಬಟ್ಟೆಯನ್ನು, ಅಂದರೆ ಅಸೊ ಎಬಿಯನ್ನು, ದುಡ್ಡು ಕೊಟ್ಟು ಕೊಂಡು ಹೊಲಿಸಿಕೊಳ್ಳುವುದು ರೂಢಿ. ಕೊಳ್ಳಲಾಗದಿದ್ದರೆ ಬಣ್ಣ ಕೇಳಿಕೊಂಡು ಹೊಂದುವ ಶಾಲು ಹಾಕಿಕೊಂಡರೂ ನಡೆಯುತ್ತದೆ. ಅಸಲಿ ಕಟ್ಟುಪಾಡು ನಡೆಯುವುದು ಚರ್ಚಿಗೋ ನಿಕಾಹ್‌ಗೋ ಮುಂಚಿನ ಎಂಗೇಜ್‌ಮೆಂಟಿನಲ್ಲಿ. ಎರಡೂ ಕಡೆಗೆ ಒಬ್ಬೊಬ್ಬ ಮಾತುಗಾರ್ತಿ ಇರುತ್ತಾಳೆ, ಹಾಡು, ವಾದ, ಹಾಸ್ಯದಲ್ಲಿ ಇಡೀ ಸಭೆ ಅವಳ ಕೈಯಲ್ಲಿ. ವರ ಮತ್ತು ಅವನ ಗೆಳೆಯರು ಹೆಣ್ಣಿನ ಮನೆಯವರ ಮುಂದೆ ಮೈ ಪೂರ್ತಿ ನೆಲಕ್ಕೆ ತಾಗಿಸಿ ಅಡ್ಡಬೀಳುತ್ತಾರೆ. ಗೆಣಸು, ಹಣ್ಣು, ಬಟ್ಟೆ, ಜೇನಿನ ರಾಶಿ ಮುಂದೆ ಇರುತ್ತದೆ. ಕಡೆಗೆ ವಧುವಿಗೆ, ಈ ಎಲ್ಲದರಲ್ಲಿ ನಿನಗೆ ಬೇಕಾದ್ದು ಒಂದನ್ನು ಎತ್ತಿಕೋ ಎನ್ನುತ್ತಾರೆ. ಅವಳು ಸುತ್ತ ಒಮ್ಮೆ ಕುಣಿದು ಬಂದು ಬೈಬಲನ್ನು ಎತ್ತುತ್ತಾಳೆ. ಮುಸ್ಲಿಂ ಮನೆಯಾದರೆ ಕುರಾನ್. ಉಂಗುರ ಅದಕ್ಕೇ ಕಟ್ಟಿರುತ್ತದೆ. ಸುತ್ತಲೂ ಪೂರ್ವಿಕರ ಕ್ರಮ, ಕೈಯಲ್ಲಿ ಗ್ರಂಥ. ಈ ಸೀಮೆಯ ಕ್ರಿಸ್ತಮತ ಹಳೆಯದರ ಜೊತೆ ಬಾಳುವ ರೀತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಇನ್ನೊಂದು ಗಳಿಗೆ ನನಗೆ ಸಿಕ್ಕಿಲ್ಲ.

ಕುಣಿಯುವವರ ಹಣೆಗೆ ನೋಟು ಅಂಟಿಸುವುದನ್ನು ನೋಡಿ ನೀವೂ ಕೈಹಾಕಬೇಡಿ. 2007ರ ಸೆಂಟ್ರಲ್ ಬ್ಯಾಂಕ್ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ನೈರಾ ನೋಟು ಎರಚುವುದು, ತುಳಿಯುವುದು ಅಪರಾಧ. ಕನಿಷ್ಠ ಆರು ತಿಂಗಳ ಜೈಲು ಅಥವಾ 50,000 ನೈರಾ ದಂಡ, ಇಲ್ಲವೇ ಎರಡೂ. 2024ರಿಂದ ಇದನ್ನು ಬಿಗಿಯಾಗಿ ಜಾರಿಗೆ ತರುತ್ತಿದ್ದಾರೆ, ಹೆಸರುವಾಸಿಯಾದವರೇ ಜೈಲಿಗೆ ಹೋದರು. ಕವರಿನಲ್ಲಿ ಹಾಕಿ, ಮೇಲೆ ಹೆಸರು ಬರೆದು ಕೊಡಿ.

ಭಾನುವಾರ ಚರ್ಚಿಗೆ ಕರೆದರೆ

ಯಾವ ಚರ್ಚು ಎಂದು ಮೊದಲೇ ಕೇಳಿಕೊಳ್ಳಿ, ಏಕೆಂದರೆ ಉಡುಪಿನಿಂದ ಹಿಡಿದು ಚಪ್ಪಲಿಯ ತನಕ ಎಲ್ಲ ಅದರ ಮೇಲೆ ನಿಂತಿದೆ. ಆಂಗ್ಲಿಕನ್, ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಕ್ಯಾಥೊಲಿಕ್ ಚರ್ಚುಗಳಲ್ಲಿ ವಿಶೇಷ ಎಚ್ಚರವೇನೂ ಬೇಕಿಲ್ಲ. ಹೆಂಗಸರು ತಲೆಗೆ ಗೆಲೆ ಎಂಬ ತಲೆವಸ್ತ್ರವನ್ನೋ ಸ್ಕಾರ್ಫನ್ನೋ ಕಟ್ಟಿ ಹೋದರೆ ಸಾಕು. ವರ್ಷಕ್ಕೊಮ್ಮೆ ಬರುವ ಸುಗ್ಗಿಯ ಕೃತಜ್ಞತಾ ಸೇವೆಗೆ ಮುಸ್ಲಿಂ ಗೆಳೆಯರೂ ಬಂದು ಕಾಣಿಕೆ ಹಾಕುತ್ತಾರೆ, ಆ ದಿನ ಹೋಗುವುದು ಒಳ್ಳೆಯದು.

ಪ್ರಾರ್ಥನೆ, ದರ್ಶನಗಳಿಗೆ ಹೆಸರಾದ ಅಲಾದುರಾ ಚರ್ಚುಗಳಿಗೆ ತಯಾರಿ ಬೇಕು. ಮೋಸೆಸ್ ಒರಿಮೊಲಾಡೆ ಮತ್ತು ಕ್ರಿಸ್ಟಿಯಾನಾ ಅಬಿಯೊಡುನ್ ಎಂಬ ಹದಿಹರೆಯದ ಹುಡುಗಿಯಿಂದ 1925ರಲ್ಲಿ ಲಾಗೋಸಿನಲ್ಲಿ ಶುರುವಾದ ಚೆರೂಬಿಂ ಅಂಡ್ ಸೆರಾಫಿಂ, ಬಡಗಿ ಸ್ಯಾಮ್ಯುಯೆಲ್ ಒಶೊಫಾ 1947ರಲ್ಲಿ ಪಕ್ಕದ ಬೆನಿನ್ ದೇಶದ ಪೋರ್ಟೊ-ನೋವೊದಲ್ಲಿ ಸ್ಥಾಪಿಸಿದ ಸೆಲೆಸ್ಟಿಯಲ್ ಚರ್ಚ್, ಇವರದ್ದು ಉದ್ದನೆಯ ಬಿಳಿ ನಿಲುವಂಗಿ. ಒಳಗೆ ಬರಿಗಾಲು. ಸೆಲೆಸ್ಟಿಯಲ್‌ನವರು ಆ ಅಂಗಿ ತೊಟ್ಟರೆ ಬೀದಿಯಲ್ಲೂ ಚಪ್ಪಲಿ ಹಾಕುವುದಿಲ್ಲ. ಅಲ್ಲಿ ಗಂಡಸರು ಹೆಂಗಸರು ಬೇರೆ ಬೇರೆ ಕೂರುತ್ತಾರೆ, ಮುಟ್ಟಾದ ದಿನಗಳಲ್ಲಿ ಹೆಂಗಸರು ಒಳಗೆ ಬರುವ ಹಾಗಿಲ್ಲ. ಮದ್ಯ, ಹಂದಿಮಾಂಸ ಅವರಿಗೆ ನಿಷಿದ್ಧ, ಕೈಯಲ್ಲಿ ಅಂಥದ್ದು ಒಯ್ಯಬೇಡಿ. ಯಾರಾದರೂ ಎದ್ದು ನಿಂತು ನಡುಗುತ್ತಾ ನಿಮ್ಮ ಬಗ್ಗೆ ದರ್ಶನ ಹೇಳಿದರೆ ಗಾಬರಿ ಬೀಳಬೇಡಿ, ತಲೆ ಬಾಗಿಸಿ ಕೇಳಿಸಿಕೊಳ್ಳಿ. ಮಂತ್ರಿಸಿದ ನೀರಿನ ಬಾಟಲಿ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ.

ಈ ನೀರು, ಮೇಣದಬತ್ತಿ, ಕನಸು, ದರ್ಶನ ಎಲ್ಲ ನೋಡಿ "ಇದು ಹಳೆಯ ಪೂಜೆಗೆ ಬಿಳಿ ಅಂಗಿ ತೊಡಿಸಿದ್ದು" ಎಂದು ಹೇಳುವವರು ಇಲ್ಲೇ ಬೇಕಾದಷ್ಟಿದ್ದಾರೆ, ಅದರಲ್ಲೂ ಪೆಂಟೆಕೊಸ್ಟಲರು. ನಾನು ಒಪ್ಪುವುದಿಲ್ಲ. 1930ರಲ್ಲಿ ಇಲೆಶಾ ಊರಿನಲ್ಲಿ ಜೋಸೆಫ್ ಅಯೊ ಬಬಲೋಲಾ ಪ್ರಾರ್ಥನೆಗೆ ನಿಂತಾಗ ಜನ ತಮ್ಮ ತಾಯಿತ, ವಿಗ್ರಹಗಳನ್ನು ತಂದು ಸುಟ್ಟರು. ಮುಂದೆ ಕ್ರೈಸ್ಟ್ ಅಪೊಸ್ಟೊಲಿಕ್ ಚರ್ಚ್ ಬೆಳೆದದ್ದು ಅಲ್ಲಿಂದ. ರೋಗ, ಬಂಜೆತನ, ಶತ್ರುಕಾಟ ಇವಕ್ಕೆ ಬಬಲಾವೊ ಕೊಡುತ್ತಿದ್ದ ಪರಿಹಾರವನ್ನು ಮಿಷನ್ ಚರ್ಚು ಕೊಡಲಿಲ್ಲ, ಸುಮ್ಮನೆ ನಂಬಿ ಎಂದಿತು. ಅಲಾದುರಾ ಬಂದು, ಅದೇ ತೊಂದರೆಗೆ ಕೀರ್ತನೆ ಓದಿ, ಉಪವಾಸ ಮಾಡಿ, ನೀರು ಕುಡಿಯಿರಿ ಎಂದಿತು. ಕೇಳುವ ಪ್ರಶ್ನೆ ಹಳೆಯದು, ಉತ್ತರ ಕೊಡುವ ದೇವರು ಬೇರೆ. ನಂಬಿಕೆ ಬದಲಿಸಿದ ಮನುಷ್ಯನ ಕಷ್ಟವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರನ್ನು ಕಲಬೆರಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಟೀಕೆ ಮಾಡುವ ಪೆಂಟೆಕೊಸ್ಟಲರೂ ಹಳೆಯ ದೈವಗಳನ್ನು ಸುಳ್ಳು ಎನ್ನುವುದಿಲ್ಲ, ಶತ್ರು ಎನ್ನುತ್ತಾರೆ. ಮೈಕ್ರೊಬಯಾಲಜಿ ವಿಜ್ಞಾನಿ ಡಿ.ಕೆ. ಒಲುಕೋಯಾ 1989ರಲ್ಲಿ ಆರಂಭಿಸಿದ ಮೌಂಟನ್ ಆಫ್ ಫೈಯರ್ ಅಂಡ್ ಮಿರಕಲ್ಸ್ ಚರ್ಚಿನ ಪ್ರಾರ್ಥನೆಗಳಲ್ಲಿ ಅಜ್ಜನ ಕಾಲದ ಹರಕೆಯ ಕಟ್ಟು ಮುರಿಯುವುದೇ ದೊಡ್ಡ ಭಾಗ. ಹಾಗಾಗಿ ಪೆಂಟೆಕೊಸ್ಟಲ್ ಗೆಳತಿಗೆ ಮುಖವಾಡದ ಕಲಾಕೃತಿ, ಮರದ ಅವಳಿ ಬೊಂಬೆ ಉಡುಗೊರೆ ಕೊಡಬೇಡಿ. ನಿಮಗೆ ಅದು ಶಿಲ್ಪ, ಅವಳಿಗೆ ಅದು ಶತ್ರು ಮನೆಯೊಳಗೆ ಬರುವ ಬಾಗಿಲು.

ಭಾನುವಾರ ಬೆಳಗ್ಗೆ ಬಿಳಿ ಬಟ್ಟೆ ತೊಟ್ಟ ಗುಂಪು ಕಂಡರೆ ಅವರೆಲ್ಲ ಚರ್ಚಿಗೇ ಹೊರಟವರು ಎಂದೂ ತಿಳಿಯಬೇಡಿ. 1995ರಲ್ಲಿ ಲಾಗೋಸಿನಲ್ಲಿ ಹುಟ್ಟಿದ ನಸ್ಫಾತ್ ಎಂಬ ಮುಸ್ಲಿಂ ಸಂಘದವರು ಸಾಮೂಹಿಕ ಪ್ರಾರ್ಥನೆಗೆ ಸೇರುವುದು ಭಾನುವಾರ ಬೆಳಗ್ಗೆಯೇ. ಲಾಗೋಸ್-ಇಬಾದಾನ್ ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ರಿಡೀಮ್ಡ್ ಚರ್ಚಿನ ದೊಡ್ಡ ಕ್ಯಾಂಪ್ ಇರುವ ಹಾಗೆ ನಸ್ಫಾತ್‌ನದ್ದೂ ಇದೆ. ತಿಂಗಳ ಮೊದಲ ಶುಕ್ರವಾರ ರಾತ್ರಿ ರಿಡೀಮ್ಡ್‌ನ ಜಾಗರಣೆ ಇರುತ್ತದೆ, ಆ ಸಂಜೆ ಆ ರಸ್ತೆಯಲ್ಲಿ ಪ್ರಯಾಣ ಇಟ್ಟುಕೊಂಡರೆ ಟ್ರಾಫಿಕ್ಕಿನಲ್ಲೇ ರಾತ್ರಿ ಕಳೆಯಬೇಕಾದೀತು.

ಹಬ್ಬದ ತಟ್ಟೆ

ಬಕ್ರೀದನ್ನು ಇಲ್ಲಿ ಇಲೆಯಾ ಎನ್ನುತ್ತಾರೆ. ಟಗರು ಕೊಯ್ದ ಮನೆಯಿಂದ ಮಾಂಸದ ತಟ್ಟೆ ನೆರೆಹೊರೆಗೆ ಹೋಗುತ್ತದೆ, ಕ್ರಿಸ್ಮಸ್‌ಗೆ ಜೊಲೊಫ್ ಅನ್ನವೂ ಕೋಳಿಯೂ ತಿರುಗಿ ಬರುತ್ತವೆ. ಮಾಂಸ ತಿನ್ನದವರು ಮೊದಲೇ ಹೇಳಿಡಿ, ಅನ್ನ ಅಥವಾ ರುಬ್ಬಿದ ಕಾಳಿನ ಕಡುಬಿನಂಥ ಮೊಯಿನ್ ಮೊಯಿನ್ ಕಳಿಸುತ್ತಾರೆ. (ಮೊಯಿನ್ ಮೊಯಿನ್‌ನಲ್ಲಿ ಮೊಟ್ಟೆ, ಮೀನು ಇರುವುದುಂಟು, ಅದನ್ನೂ ಕೇಳಿ.) ಕೆಲವು ಬಾರ್ನ್-ಅಗೇನ್ ಮನೆಗಳು, ಬೇರೆ ಹೆಸರಿಗೆ ಅರ್ಪಿಸಿದ್ದು ತಿನ್ನಬಾರದೆಂದು ಇಲೆಯಾ ಮಾಂಸ ಮುಟ್ಟುವುದಿಲ್ಲ. ನಿಮ್ಮ ಮನೆಗೆ ಬಂದ ತಟ್ಟೆಯನ್ನು ಅಂಥವರಿಗೆ ದಾಟಿಸಬೇಡಿ.

ಇಜೆಬು-ಒಡೆ ಊರಿಗೆ ಹತ್ತಿರವಿದ್ದರೆ ಇಲೆಯಾ ಆಗಿ ಮೂರನೆಯ ದಿನದ ಒಜುಡೆ ಒಬಾ ತಪ್ಪಿಸಬೇಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಸ್ಲಿಮರು ತಮಗೆ ನೆಲೆ ಕೊಟ್ಟ ದೊರೆಗೆ ಕೃತಜ್ಞತೆ ಹೇಳಲು ಶುರುಮಾಡಿದ್ದು ಈಗ ಊರಿನ ಎಲ್ಲರ ಹಬ್ಬ. ವಯಸ್ಸಿನ ಪ್ರಕಾರ ಗುಂಪು ಕಟ್ಟಿಕೊಂಡವರು ಒಂದೇ ಬಟ್ಟೆಯಲ್ಲಿ ನಡೆದು ಬರುತ್ತಾರೆ, ಅದರಲ್ಲಿ ಚರ್ಚಿನ ಡೀಕನ್ನರೂ ಇರುತ್ತಾರೆ.

ಒಶೊಗ್ಬೊದ ಒಶುನ್ ಹಬ್ಬ ಆಗಸ್ಟಿನಲ್ಲಿ. ಅಲ್ಲಿನ ವನ 2005ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಊರಿನ ದೊರೆ ಅತಾವೊಜಾ ಮುಸ್ಲಿಂ, ಆದರೂ ನದಿದೇವತೆಯ ಹಬ್ಬ ಅವರ ಹಿರಿತನದಲ್ಲೇ ನಡೆಯಬೇಕು. ಇಲೆ-ಇಫೆಯಲ್ಲಿ 2015ರಿಂದ ಪಟ್ಟದಲ್ಲಿರುವ ದೊರೆ ಊನಿ ತಾನು ಕ್ರಿಶ್ಚಿಯನ್ ಎನ್ನುವವರು, ಒಲೊಜೊ ಹಬ್ಬದಲ್ಲಿ ವರ್ಷಕ್ಕೊಮ್ಮೆ ಧರಿಸುವ ಪುರಾತನ ಕಿರೀಟ ತೊಟ್ಟು ಒಗುನ್ ಗುಡಿಗೆ ಹೋಗುತ್ತಾರೆ. ದೊರೆ ಎಲ್ಲ ಧರ್ಮಗಳ ಮನೆಯ ಯಜಮಾನ ಎಂದು ಜನ ಹೇಳುತ್ತಾರೆ.

ಹೆಂಗಸರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒರೊ ಎಂಬ ದೈವದ ಹಬ್ಬ ಘೋಷಿಸಿದ ದಿನ ಹೆಂಗಸರು ಹೊರಗೆ ಬರಬಾರದು. ಇಕೊರೊಡುವಿನಂಥ ಊರುಗಳಲ್ಲಿ ಇದು ಹಗಲಲ್ಲೂ ಇರುತ್ತದೆ. ಇಬಾದಾನಿನ ಒಲೊಲು ಎಂಬ ಎಗುಂಗುನ್ (ಪೂರ್ವಿಕರ ಮುಖವಾಡ) ವೇಷವನ್ನು ಹೆಂಗಸರು ನೋಡಬಾರದು. ಈ ನಿರ್ಬಂಧ ಸರಿಯಲ್ಲ ಎಂದೇ ನನ್ನ ನಿಲುವು, ಇಲ್ಲಿನ ಎಷ್ಟೋ ಹೆಂಗಸರದ್ದೂ ಅದೇ, ಚರ್ಚು ಮಸೀದಿಗಳೂ ಆಕ್ಷೇಪಿಸುತ್ತವೆ. ಆದರೆ ಹೊರಗಿನವಳಾಗಿ ಬೀದಿಯಲ್ಲಿ ನಿಂತು ಅದನ್ನು ಸಾಧಿಸಲು ಹೋಗಬೇಡಿ, ನಿಮ್ಮ ಜೀವಕ್ಕೆ ಅಪಾಯ. ಜೂನ್ ಹತ್ತಿರ ಬಂದಂತೆ ಮನೆಮಾಲೀಕರನ್ನು, ಕಾವಲುಗಾರನನ್ನು ದಿನಾಂಕ ಕೇಳಿಟ್ಟುಕೊಳ್ಳಿ.

ಮುನಿಸು ಇರುವ ಕಡೆ

ಎಲ್ಲವೂ ಸೌಹಾರ್ದವೇ ಎಂದು ಬರೆದರೆ ಸುಳ್ಳಾಗುತ್ತದೆ. ಇಬಾದಾನ್ ವಿಶ್ವವಿದ್ಯಾಲಯದಲ್ಲಿ ಚಾಪೆಲ್ ಮುಂದಿನ ಶಿಲುಬೆ ಹೊಸ ಮಸೀದಿಗೆ ಎದುರಾಗಿದೆ ಎಂದು 1980ರ ದಶಕದ ನಡುವೆ ದೊಡ್ಡ ಜಗಳವಾಗಿ, ನಡುವೆ ಒಂದು ಗೋಡೆ ಎಬ್ಬಿಸಿ ಮುಗಿಸಿದರು. ಒಶುನ್ ರಾಜ್ಯದಲ್ಲಿ 2016ರಲ್ಲಿ ಶಾಲೆಗೆ ಹಿಜಾಬ್ ಹಾಕಬಹುದೆಂದು ಕೋರ್ಟು ಹೇಳಿದಾಗ ಇವೊ ಊರಿನ ಬ್ಯಾಪ್ಟಿಸ್ಟ್ ಹೈಸ್ಕೂಲಿಗೆ ಕ್ರಿಶ್ಚಿಯನ್ ಮಕ್ಕಳು ಕಾಯರ್ ನಿಲುವಂಗಿಯಲ್ಲಿ ಬಂದರು. 2023ರಲ್ಲಿ ಇಲೋರಿನಿನಲ್ಲಿ ಒಬ್ಬ ಒರಿಶಾ ಅರ್ಚಕಿ ನಡೆಸಬೇಕೆಂದಿದ್ದ, ಹಳೆಯ ಯೊರುಬಾ ಧರ್ಮದ ಇಶೆಶೆ ಹಬ್ಬವನ್ನು ಮುಸ್ಲಿಂ ಗುಂಪೊಂದರ ಬೆದರಿಕೆಯಿಂದ ಕೈಬಿಡಬೇಕಾಯಿತು. ಅದೇ ವರ್ಷ ಬೇರೆ ಯೊರುಬಾ ರಾಜ್ಯಗಳು ಇಶೆಶೆಗೆ ರಜೆ ಕೊಟ್ಟವು. ಮೂರನೆಯ ಧರ್ಮದವರೇ ಈಗ ಹೆಚ್ಚು ಒತ್ತಡದಲ್ಲಿರುವವರು ಎಂದು ನನಗೆ ಕಾಣುತ್ತದೆ. ಕಷ್ಟ ಬಂದಾಗ ಮುಸ್ಲಿಂ ಅಲ್ಫಾ (ಮೌಲ್ವಿ), ಅಲಾದುರಾ ವೊಲಿ (ಪ್ರವಾದಿ), ಬಬಲಾವೊ ಮೂವರ ಬಾಗಿಲನ್ನೂ ತಟ್ಟುವ ಜನ, ಹಗಲಲ್ಲಿ ಬಬಲಾವೊನ ಹೆಸರೆತ್ತಲು ನಾಚುತ್ತಾರೆ. ನಿಮ್ಮೆದುರು ಯಾರಾದರೂ ಅವರನ್ನು ಹಳಿದರೆ ತಲೆಯಾಡಿಸಬೇಡಿ.

ಸಾವಿನ ಮನೆ

ಮುಸ್ಲಿಮರು ಅಂದೇ ಮಣ್ಣು ಮಾಡುತ್ತಾರೆ, ಸುದ್ದಿ ಬಂದ ಕೂಡಲೇ ಹೊರಡಿ. ಕ್ರಿಶ್ಚಿಯನ್ನರಾದರೆ ಶವಾಗಾರದಲ್ಲಿ ವಾರಗಟ್ಟಲೆ ಇಟ್ಟು, ಹಾಡಿನ ಸಂಜೆ, ಚರ್ಚಿನ ಸೇವೆ, ಆಮೇಲೆ ಶಾಮಿಯಾನದಡಿ ಊಟ, ಸಂಗೀತ. ತುಂಬು ವಯಸ್ಸಿಗೆ ಹೋದವರಿಗೆ ಮಾತ್ರ ಈ ಸಂಭ್ರಮ. ಚಿಕ್ಕವರು ಸತ್ತರೆ ಅಸೊ ಎಬಿಯೂ ಇಲ್ಲ, ಊಟವೂ ಇಲ್ಲ. ಹೆತ್ತವರು ಮಗುವಿನ ಗುಂಡಿಯ ಹತ್ತಿರ ಹೋಗುವುದಿಲ್ಲ, ಧರ್ಮ ಯಾವುದಾದರೂ ಸರಿ. ಅವರ ಜೊತೆ ಮನೆಯಲ್ಲೇ ಕೂತು, "ಎ ಕು ಅರಫೆರಕು" ಎಂಬ ಸಾಂತ್ವನದ ಮಾತು ಹೇಳಿ, ಸ್ವಲ್ಪ ಹೊತ್ತಿದ್ದು ಎದ್ದು ಬನ್ನಿ.

ಹೆಣ ಯಾರದ್ದು ಎಂಬ ಜಗಳ ದೊಡ್ಡ ಮನೆಗಳಲ್ಲೇ ಹೆಚ್ಚು. ದೊರೆ ಸತ್ತರೆ ದೇಹ ಹಳೆಯ ಸಂಪ್ರದಾಯದವರ ಕೈಗೆ ಹೋಗಬೇಕೆಂಬುದು ರೂಢಿ. ಒಗುನ್ ರಾಜ್ಯ ತಂದ ಹೊಸ ಕಾನೂನು, ದೊರೆಯನ್ನು ಅವನ ಸ್ವಂತ ಧರ್ಮದ ಪ್ರಕಾರ ಹೂಳಬಹುದು ಎಂದಿತು. ಇಜೆಬುವಿನ ದೊರೆ, ಅವುಜಾಲೆ ಸಿಕಿರು ಅಡೆಟೊನಾ 2025ರ ಜುಲೈ 13ರಂದು ತೀರಿಕೊಂಡಾಗ ಮರುದಿನವೇ ಇಸ್ಲಾಂ ಕ್ರಮದಲ್ಲಿ ಮಣ್ಣಾದರು, ಸಂಪ್ರದಾಯದವರನ್ನು ಹತ್ತಿರ ಬಿಡಲಿಲ್ಲ. ಈ ವಿಷಯದಲ್ಲಿ ಎರಡೂ ಕಡೆ ಇನ್ನೂ ಗಾಯ ಹಸಿಯಾಗಿದೆ, ಊಟದ ಮೇಜಿನಲ್ಲಿ ತೆಗೆಯಬೇಡಿ.

ಸಾಮಾನ್ಯ ಮನೆಗಳಲ್ಲಿ ಹೊಂದಾಣಿಕೆ ಸುಲಭ. ಮುಸ್ಲಿಂ ತಾಯಿಗೆ ಎಂಟನೆಯ ದಿನ ಫಿದಾವು ಪ್ರಾರ್ಥನೆ ಇರುತ್ತದೆ. ಅಲ್ಫಾಗಳು ಒಳಗೆ ಓದುವಾಗ ಪಾಸ್ಟರ್ ಆಗಿರುವ ಮಗ ಹೊರಗೆ ಶಾಮಿಯಾನದಲ್ಲಿ ಕುರ್ಚಿ ಹಾಕಿಸುತ್ತಾ ಬಂದವರನ್ನು ಮಾತಾಡಿಸುತ್ತಾನೆ, ಅಡುಗೆಯ ಖರ್ಚೂ ಎಷ್ಟೋ ಸಲ ಅವನದ್ದೇ. ನೀವು ತಲೆ ಮುಚ್ಚಿಕೊಂಡು ಬೆಳಗ್ಗೆಯೇ ಹೋಗಿ, ಕವರು ಕೊಡಿ. ಮುಂದಿನ ಭಾನುವಾರ ಅದೇ ತಾಯಿಗಾಗಿ ಮಗನ ಚರ್ಚಿನಲ್ಲಿ ಕೃತಜ್ಞತಾ ಪ್ರಾರ್ಥನೆ ಇಟ್ಟಿದ್ದರೆ ಅಲ್ಲಿಗೂ ಹೋಗಬೇಕು. ಒಂದಕ್ಕೆ ಬಂದು ಇನ್ನೊಂದಕ್ಕೆ ಬರದವರು ಯಾರು ಎಂದು ಮಕ್ಕಳೆಲ್ಲರೂ ಗಮನಿಸಿರುತ್ತಾರೆ.